ಮೂಳೆ ನೋವಿಗೆ ಕೊರಳಲ್ಲೂ ಕಾರಣ ಇರುತ್ತೆ

"ಸೊಂಟ ಹಿಡ್ಕೊಂಡದೆ." "ಮಂಡಿ ಮಡಚಕ್ಕೇ ಆಗಲ್ಲ." "ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ."

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ನಾಲ್ಕು ಜನ ಹೆಂಗಸರು ಸೇರಿದರೆ ಈ ಮಾತು ಬಂದೇ ಬರುತ್ತೆ. ಹೊಗೆಸೊಪ್ಪಿನ ಕಾಲದಲ್ಲಂತೂ ಕೇಳೋದೇ ಬೇಡ. ಬೆಳಗ್ಗೆ ಎಲೆ ಮುರಿಯೋದು. ಮಧ್ಯಾಹ್ನ ಕೂತು ಎಲೆ ಕಡ್ಡಿಗೆ ಕಟ್ಟೋದು. ನಡುವೆ ದನ, ಕರು, ನೀರು, ಸೌದೆ. ಸಂಜೆ ಮತ್ತೆ ಒಲೆ ಮುಂದೆ. ಬಗ್ಗಿದ ಬೆನ್ನು ನೆಟ್ಟಗಾಗೋದು ರಾತ್ರಿ ಮಲಗಿದಾಗಲೇ.

ದುಡಿದ ಮೈ ನೋಯುತ್ತೆ. ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೆ ಆ ನೋವು ಇಳಿಯುತ್ತೆ. ಆದರೆ ಇಳಿಯದ ನೋವೂ ಉಂಟು. ತಿಂಗಳು ಕಳೆದರೂ ಅದು ಹೋಗೋದಿಲ್ಲ. ಅಂಥ ನೋವಿಗೆ ನಾವು ಏನಂತೀವಿ? "ವಯಸ್ಸಾಯ್ತು, ಇನ್ನೇನು" ಅಂತೀವಿ. ಮೂವತ್ತೈದು ವರ್ಷದವಳಿಗೂ ಹಾಗೇ ಹೇಳಿ ಸುಮ್ಮನಾಗ್ತೀವಿ!

ಈ ಪಾಠದಲ್ಲಿ ಬೇರೆ ಒಂದು ಮಾತು ಹೇಳ್ತೀವಿ. ಕೆಲವು ಮೂಳೆ ನೋವಿನ ಬೇರು ಮೂಳೆಯಲ್ಲಿ ಇರೋದಿಲ್ಲ. ಕೊರಳಲ್ಲಿ ಇರುತ್ತೆ. ಹೊಟ್ಟೆಯೊಳಗೆ ಇರುತ್ತೆ. ತಲೆಬುರುಡೆಯ ಒಳಗೂ ಇರುತ್ತೆ. ಅದನ್ನು ಹುಡುಕುವ ಡಾಕ್ಟರೇ ಬೇರೆ. ಅವರಿಗೆ ಎಂಡೋಕ್ರೈನಾಲಜಿಸ್ಟ್ ಅಂತ ಉದ್ದ ಹೆಸರಿದೆ. ನಾವು ಹಾರ್ಮೋನು ಡಾಕ್ಟರು ಅನ್ನೋಣ.

ಮೈಯೊಳಗಿನ ನೀರಗಂಟಿ

ನಾಲೆ ನೀರಿನ ಗದ್ದೆ ಇರೋರಿಗೆ ನೀರಗಂಟಿ ಗೊತ್ತು. ಯಾವ ತೂಬನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಅಂತ ನೋಡುವವನು ಅವನು. ನೀರು ಹೆಚ್ಚಾದರೆ ಬದು ಒಡೆಯುತ್ತೆ. ಕಡಿಮೆಯಾದರೆ ಪೈರು ಒಣಗುತ್ತೆ. ನಮ್ಮ ಮೈಯಲ್ಲೂ ಇಂಥ ನೀರಗಂಟಿಗಳು ಇದ್ದಾರೆ. ಅವೇ ಗ್ರಂಥಿಗಳು. ಗ್ರಂಥಿ ಅಂದರೆ ರಸ ಮಾಡುವ ಸಣ್ಣ ಗಂಟು.

ಬಾಯಲ್ಲಿ ಜೊಲ್ಲು ಮಾಡುವ ಗ್ರಂಥಿಗೆ ಕೊಳವೆ ಇದೆ. ರಸ ಆ ಕೊಳವೆಯಲ್ಲಿ ಹರಿದು ಬಾಯಿಗೆ ಬರುತ್ತೆ. ಇನ್ನು ಕೆಲವು ಗ್ರಂಥಿಗಳಿಗೆ ಕೊಳವೆ ಇಲ್ಲ. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಅದಕ್ಕೇ ಅವುಗಳಿಗೆ ನಿರ್ನಾಳ ಗ್ರಂಥಿ ಅಂತ ಹೆಸರು. ಅವು ಬಿಡುವ ರಸವೇ ಹಾರ್ಮೋನು. ಈ ಹೆಸರನ್ನು 1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗ್ ಎಂಬ ವಿಜ್ಞಾನಿ ಬಳಕೆಗೆ ತಂದರು.

ಕೊರಳ ಮುಂಭಾಗದಲ್ಲಿ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆ. ಅದು ಥೈರಾಯ್ಡ್. ಅದರ ಬೆನ್ನಿಗೆ ಅಂಟಿಕೊಂಡು ಅಕ್ಕಿ ಕಾಳಿನಷ್ಟು ಚಿಕ್ಕ ನಾಲ್ಕು ಗ್ರಂಥಿಗಳಿವೆ. ಅವು ಪ್ಯಾರಾಥೈರಾಯ್ಡ್. ಮೂತ್ರಪಿಂಡದ ತಲೆಯ ಮೇಲೆ ಟೋಪಿಯ ಹಾಗೆ ಒಂದೊಂದು ಗ್ರಂಥಿ ಇದೆ. ಹೆಂಗಸರ ಕಿಬ್ಬೊಟ್ಟೆಯಲ್ಲಿ ಗರ್ಭಕೋಶದ ಆಚೆ ಈಚೆ ಎರಡು ಅಂಡಾಶಯಗಳಿವೆ. ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಇದು ಮೇಸ್ತ್ರಿ. ಬೇರೆ ಹಲವು ಗ್ರಂಥಿಗಳ ಕೈಲಿ ಕೆಲಸ ಮಾಡಿಸುವುದು ಇದೇ.

ಸಕ್ಕರೆ ಕಾಯಿಲೆಯೂ ಹಾರ್ಮೋನಿನ ಕಾಯಿಲೆಯೇ. ಇನ್ಸುಲಿನ್ ಎಂಬ ಹಾರ್ಮೋನು ಸಾಲದೆ ಹೋದರೆ, ಇಲ್ಲವೆ ಇದ್ದೂ ಕೆಲಸ ಮಾಡದಿದ್ದರೆ ಅದು ಬರುತ್ತೆ. ಹಾರ್ಮೋನು ಡಾಕ್ಟರ ಬಾಗಿಲಲ್ಲಿ ಆ ರೋಗಿಗಳೇ ಹೆಚ್ಚು. ಅದರ ಸುದ್ದಿ ಎಲ್ಲರೂ ಬಲ್ಲರು. ಇಲ್ಲಿ ಮೂಳೆಯ ಮಾತು ನೋಡೋಣ.

ಮೂಳೆ ಅಂದರೆ ಹಗೇವು

ಮೂಳೆ ಅಂದರೆ ಸತ್ತ ಕಟ್ಟಿಗೆ ಅಂತ ನಾವು ಅಂದುಕೊಂಡಿದ್ದೀವಿ. ಹಾಗಲ್ಲ. ಮೂಳೆಗೆ ಜೀವ ಇದೆ. ಅದರೊಳಗೆ ರಕ್ತ ಓಡಾಡುತ್ತೆ. ಹಳೆ ಮೂಳೆ ದಿನಾ ಸವೆಯುತ್ತೆ, ಹೊಸದು ದಿನಾ ಕಟ್ಟುತ್ತೆ. ಸುಮಾರು ಹತ್ತು ವರ್ಷಕ್ಕೆ ನಮ್ಮ ಅಸ್ಥಿಪಂಜರವೇ ಹೊಸದಾದ ಹಾಗೆ.

ಮೂಳೆಗೆ ಗಟ್ಟಿತನ ಕೊಡುವುದು ಕ್ಯಾಲ್ಸಿಯಂ. ಇದು ಸುಣ್ಣದಂಥ ಸತ್ವ. ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ಉಳಿದ ಒಂದು ಪಾಲು ರಕ್ತ ಮತ್ತು ಮಾಂಸದಲ್ಲಿ ಇದೆ. ಆ ಒಂದು ಪಾಲು ಏರುಪೇರಾಗುವಂತಿಲ್ಲ. ಅದು ಸರಿ ಇದ್ದರೇ ಗುಂಡಿಗೆ ಬಡಿಯುತ್ತೆ, ಕೈಕಾಲು ಆಡುತ್ತೆ.

ಹಿಂದೆ ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ ಇಡುತ್ತಿದ್ದರು. ಬೆಳೆ ಕೈಕೊಟ್ಟ ವರ್ಷ ಅದನ್ನು ತೆಗೆದು ಊಟ ಮಾಡುತ್ತಿದ್ದರು. ಮೂಳೆಯೂ ಹಗೇವೇ. ಊಟದಲ್ಲಿ ಕ್ಯಾಲ್ಸಿಯಂ ಬರಲಿಲ್ಲ ಅನ್ನಿ. ರಕ್ತಕ್ಕೆ ಬೇಕಾದದ್ದನ್ನು ಮೂಳೆಯಿಂದ ತೆಗೆಯಬೇಕು. ಆ ಹಗೇವಿನ ಬಾಯಿ ತೆರೆಯುವವರು ಯಾರು? ಕೊರಳಲ್ಲಿರುವ ಆ ನಾಲ್ಕು ಅಕ್ಕಿ ಕಾಳುಗಳು, ಪ್ಯಾರಾಥೈರಾಯ್ಡ್ ಗ್ರಂಥಿಗಳು. ತೆಗೆದದ್ದನ್ನು ಮತ್ತೆ ತುಂಬದೆ ಹೋದರೆ ಒಂದು ದಿನ ಹಗೇವು ಬರಿದಾಗುತ್ತೆ.

ಈ ಗ್ರಂಥಿಗಳಲ್ಲಿ ಒಂದು ಗಂಟು ಬೆಳೆದು ಕೆಟ್ಟರೆ ಏನಾಗುತ್ತೆ? ಬೇಡದಿದ್ದರೂ ಹಗೇವು ತೆರೆಯುತ್ತಲೇ ಇರುತ್ತೆ. ಮೂಳೆ ಟೊಳ್ಳಾಗುತ್ತೆ. ರಕ್ತದಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಮೂತ್ರಕ್ಕೆ ಹೋಗಿ ಕಲ್ಲು ಕಟ್ಟುತ್ತೆ. ಸೊಂಟ ನೋವಿಗೆ ಒಬ್ಬ ಡಾಕ್ಟರು, ಮೂತ್ರದ ಕಲ್ಲಿಗೆ ಇನ್ನೊಬ್ಬ ಡಾಕ್ಟರು ಅಂತ ರೋಗಿ ಅಲೆಯುತ್ತಾಳೆ. ಎರಡಕ್ಕೂ ಕಾರಣ ಕೊರಳಲ್ಲಿ ಕೂತಿರುತ್ತೆ.

ಇದನ್ನು ತೋರಿಸಿಕೊಟ್ಟ ಒಂದು ಕತೆ ಇದೆ. ಯೂರೋಪಿನ ವಿಯೆನ್ನಾ ಪಟ್ಟಣದಲ್ಲಿ ಆಲ್ಬರ್ಟ್ ಎಂಬ ಒಬ್ಬ ಟ್ರಾಮ್ ಕಂಡಕ್ಟರ್ ಇದ್ದ. ಟ್ರಾಮ್ ಅಂದರೆ ರಸ್ತೆ ಮೇಲೆ ಹಳಿಯಲ್ಲಿ ಓಡುವ ಗಾಡಿ. ಅವನಿಗೆ ಮೂಳೆಯೆಲ್ಲ ನೋವು. ತೊಡೆಯ ಮೂಳೆ ಮುರಿಯಿತು. ನಡೆಯಲು ಆಗದೆ ಹಾಸಿಗೆ ಹಿಡಿದ. ಅಲ್ಲಿನ ಡಾಕ್ಟರು ಫೆಲಿಕ್ಸ್ ಮ್ಯಾಂಡ್ಲ್ ಮೊದಲು ಪ್ಯಾರಾಥೈರಾಯ್ಡ್ ರಸವನ್ನೇ ಮದ್ದಾಗಿ ಕೊಟ್ಟು ನೋಡಿದರು. ಗುಣ ಕಾಣಲಿಲ್ಲ. ಆಮೇಲೆ ಲೆಕ್ಕವನ್ನು ತಿರುಗಿಸಿ ನೋಡಿದರು. ರಸ ಸಾಲದೆ ಅಲ್ಲ, ಹೆಚ್ಚಾಗಿ ಹೀಗಾಗಿರಬಹುದೆ? 1925ರಲ್ಲಿ ಕೊರಳು ಬಿಚ್ಚಿ ನೋಡಿದರೆ ಅಲ್ಲಿ ಗಂಟು ಇತ್ತು. ಅದನ್ನು ತೆಗೆದ ಮೇಲೆ ನೋವು ಇಳಿಯಿತು. ಆಲ್ಬರ್ಟ್ ಮತ್ತೆ ನಡೆದ. ಕೆಲವು ವರ್ಷದ ಮೇಲೆ ಅವನಿಗೆ ಕಾಯಿಲೆ ಮರುಕಳಿಸಿತು ಅನ್ನುವುದೂ ನಿಜ. ಆದರೂ ಮೂಳೆಯ ರೋಗಕ್ಕೆ ಕೊರಳಲ್ಲಿ ಮದ್ದು ಉಂಟು ಅಂತ ಜಗತ್ತಿಗೆ ತಿಳಿದದ್ದು ಅವನಿಂದ. ಇಂದು ಇದನ್ನು ಹಿಡಿಯಲು ಕೊರಳು ಬಿಚ್ಚಬೇಕಾಗಿಲ್ಲ. ರಕ್ತ ಪರೀಕ್ಷೆಯಲ್ಲೇ ಗೊತ್ತಾಗುತ್ತೆ.

ಮುಟ್ಟು ನಿಂತ ಮೇಲೆ

ಅಂಡಾಶಯ ಮಾಡುವ ಹಾರ್ಮೋನಿಗೆ ಈಸ್ಟ್ರೋಜನ್ ಅಂತ ಹೆಸರು. ಮುಟ್ಟು, ಬಸಿರಿಗೆ ಮಾತ್ರ ಅದು ಬೇಕು ಅಂತ ತಿಳಿಯಬೇಡಿ. ಮೂಳೆಗೂ ಅದೇ ಕಾವಲು. ನಮ್ಮ ದೇಶದ ಹೆಂಗಸರಿಗೆ ಸುಮಾರು 46 ವರ್ಷಕ್ಕೆ ಮುಟ್ಟು ನಿಲ್ಲುತ್ತೆ. ಅಂದಿನಿಂದ ಕಾವಲು ಸಡಿಲ. ಮೊದಲ ಐದಾರು ವರ್ಷ ಮೂಳೆ ಬೇಗ ಬೇಗ ಸವೆಯುತ್ತೆ. ಅಮೆರಿಕದ ಬಾಸ್ಟನ್ ಪಟ್ಟಣದ ಡಾಕ್ಟರು ಫುಲ್ಲರ್ ಆಲ್‌ಬ್ರೈಟ್ 1941ರಲ್ಲಿ ಇದನ್ನು ವಿವರವಾಗಿ ಬರೆದರು. ಬೆನ್ನುಮೂಳೆ ಕುಸಿದ ಅವರ ರೋಗಿಗಳಲ್ಲಿ ಹೆಚ್ಚಿನವರು ಮುಟ್ಟು ನಿಂತ ಹೆಂಗಸರೇ ಆಗಿದ್ದರು.

ಮೂಳೆ ಸವೆಯುವಾಗ ನೋವು ಇರೋದಿಲ್ಲ. ಇದೇ ಅದರ ಮೋಸ. ಗೋಡೆಯೊಳಗೆ ಗೆದ್ದಲು ತಿಂದ ಹಾಗೆ. ಒಂದು ದಿನ ಬಚ್ಚಲಲ್ಲಿ ಜಾರಿದರೆ ಸಾಕು, ಸೊಂಟದ ಮೂಳೆ ಮುರಿಯುತ್ತೆ. ಕೆಲವರಿಗೆ ಬೆನ್ನುಮೂಳೆಯ ಗಿಣ್ಣುಗಳು ತಾವಾಗಿಯೇ ಕುಸಿಯುತ್ತವೆ. ಅಟ್ಟದ ಮೇಲಿನ ಡಬ್ಬ ಮೊದಲು ಕೈಗೆ ಎಟುಕುತ್ತಿತ್ತು, ಈಗ ಎಟುಕುತ್ತಿಲ್ಲ. ಅಜ್ಜಿ ಗಿಡ್ಡ ಆದಳು ಅಂತ ಮಕ್ಕಳು ನಗುತ್ತಾರೆ. ಅದು ನಗುವ ವಿಷಯ ಅಲ್ಲ. ಅಜ್ಜಿಯ ಬೆನ್ನುಮೂಳೆ ಒಳಗೇ ಮುರಿದಿದೆ.

ಇಲ್ಲಿ ಒಂದು ಮುಖ್ಯ ಮಾತು ಇದೆ. ಬಿಳಿಸೆರಗು, ಹೊಟ್ಟೆನೋವು ಅಂತ ಹೋದ ಹೆಂಗಸಿಗೆ "ಗರ್ಭಕೋಶ ತೆಗೆಸಿಬಿಡಿ" ಅನ್ನುವುದು ಈಗ ಬಹಳ ಸಲೀಸಾಗಿದೆ. "ಮಕ್ಕಳಾಯ್ತಲ್ಲ, ಇನ್ನು ಅದು ಯಾಕೆ" ಅಂತ ನಾವೂ ಒಪ್ಪಿಬಿಡ್ತೀವಿ. ಕಲಬುರಗಿ ಕಡೆಯ ಲಂಬಾಣಿ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಎಷ್ಟೋ ಹೆಂಗಸರಿಗೆ ಹೀಗೆ ಆಪರೇಷನ್ ಆಗಿತ್ತು. 2015ರಲ್ಲಿ ಆ ಹೆಂಗಸರು ಬೀದಿಗೆ ಬಂದು ನ್ಯಾಯ ಕೇಳಿದರು. ಸರ್ಕಾರ ತನಿಖೆ ಮಾಡಿಸಿತು.

ಗಡ್ಡೆ, ಕ್ಯಾನ್ಸರ್ ಇದ್ದರೆ ಆಪರೇಷನ್ ಬೇಕಾಗಬಹುದು. ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಗರ್ಭಕೋಶದ ಜೊತೆ ಎರಡು ಅಂಡಾಶಯವನ್ನೂ ತೆಗೆದರೆ ಏನಾಗುತ್ತೆ ಅನ್ನುವುದು ತಿಳಿದಿರಬೇಕು. ಮೂವತ್ತೈದಕ್ಕೇ ಮೂಳೆಯ ಕಾವಲು ಹೋಗುತ್ತೆ. ಹತ್ತು ವರ್ಷ ಮೊದಲೇ ಸವೆತ ಶುರು. ಆದ್ದರಿಂದ ಸಹಿ ಹಾಕುವ ಮುಂಚೆ ಕಾಗದ ಓದಿ. "ಅಂಡಾಶಯವನ್ನೂ ತೆಗೀತೀರಾ? ಯಾಕೆ?" ಅಂತ ಕೇಳಿ. ಇನ್ನೊಬ್ಬ ಡಾಕ್ಟರ ಮಾತು ಕೇಳಲು ನಮಗೆ ಹಕ್ಕು ಇದೆ. ಆಗಲೇ ತೆಗೆಸಿದವರು ಆಪರೇಷನ್ ಚೀಟಿಯನ್ನು ಜೋಪಾನ ಮಾಡಿ. ಹಾರ್ಮೋನು ಡಾಕ್ಟರು ಅದನ್ನೇ ಮೊದಲು ಕೇಳುತ್ತಾರೆ.

ಡಾಕ್ಟರು ಏನು ನೋಡುತ್ತಾರೆ

ನಮ್ಮ ಕಡೆಯ ಒಬ್ಬ ಅಕ್ಕ ಹಾರ್ಮೋನು ಡಾಕ್ಟರ ಹತ್ತಿರ ಹೋಗಿದ್ದಾಳೆ ಅಂದುಕೊಳ್ಳೋಣ. ಅವಳಿಗೆ ನಲವತ್ತು ವರ್ಷ. ಮೂರು ಮಕ್ಕಳ ತಾಯಿ.

"ಎಲ್ಲಿ ನೋವು ಅಮ್ಮ?"

"ತೊಡೆ, ಸೊಂಟ, ಪಕ್ಕೆ. ಎಲ್ಲೆಲ್ಲೂ ಅದೆ ಡಾಕ್ಟ್ರೇ. ಎರಡು ವರ್ಷ ಆಯ್ತು."

"ನೆಲದ ಮೇಲೆ ಕೂತು ಏಳಿ ನೋಡೋಣ."

ಅಕ್ಕ ಕೂತಳು. ಏಳುವಾಗ ಎರಡೂ ಕೈ ಊರಿದಳು. ಡಾಕ್ಟರು ಮೊಣಕಾಲ ಕೆಳಗಿನ ಮೂಳೆಯನ್ನು ಬೆರಳಿಂದ ಒತ್ತಿದರು. ಅಕ್ಕ "ಅಯ್ಯೋ" ಅಂದಳು.

"ಮುಟ್ಟು ಸರಿಯಾಗಿ ಆಗ್ತಾ ಇದೆಯಾ? ಮೂತ್ರದಲ್ಲಿ ಕಲ್ಲು ಆಗಿತ್ತಾ? ಯಾವುದಾದರೂ ಪುಡಿ, ಗುಳಿಗೆ ತಗೋತಾ ಇದ್ದೀರಾ? ಹಾಲು, ಮಜ್ಜಿಗೆ ಕುಡೀತೀರಾ?"

"ಎರಡು ಹಸ ಅದೆ. ಹಾಲೆಲ್ಲ ಡೈರಿಗೆ ಹಾಕ್ತೀವಿ. ಮಕ್ಕಳಿಗೆ ಅರ್ಧ ಲೋಟ ಇಟ್ಕೋತೀವಿ."

"ನಿಮಗೆ?"

ಅಕ್ಕ ಸುಮ್ಮನಾದಳು.

ನೋಡಿ, ಹಾರ್ಮೋನು ಡಾಕ್ಟರ ಕೆಲಸದಲ್ಲಿ ಅರ್ಧ ಇಂಥ ಪ್ರಶ್ನೆಗಳೇ. ಉಳಿದದ್ದು ರಕ್ತ ಪರೀಕ್ಷೆ. ಕ್ಯಾಲ್ಸಿಯಂ ಎಷ್ಟು, ಡಿ ಜೀವಸತ್ವ ಎಷ್ಟು, ಪ್ಯಾರಾಥೈರಾಯ್ಡ್ ಹಾರ್ಮೋನು ಎಷ್ಟು, ಥೈರಾಯ್ಡ್ ಹೇಗಿದೆ ಅಂತ ನೋಡುತ್ತಾರೆ. ಮೂಳೆಯ ಗಟ್ಟಿತನ ಅಳೆಯಲು ಡೆಕ್ಸಾ ಎಂಬ ಯಂತ್ರ ಇದೆ. ಅದರ ಕೆಳಗೆ ಸುಮ್ಮನೆ ಮಲಗಿದರೆ ಸಾಕು. ನೋವಿಲ್ಲ. ಅದು ಒಂದು ಅಂಕಿ ಕೊಡುತ್ತೆ. ಆ ಅಂಕಿಯ ಮುಂದೆ ಕಳೆಯುವ ಗುರುತು ಇದ್ದು, 2.5 ಇಲ್ಲವೆ ಅದಕ್ಕಿಂತ ದೊಡ್ಡ ಅಂಕಿ ಇದ್ದರೆ ಮೂಳೆ ಟೊಳ್ಳಾಗಿದೆ ಅಂತ ಅರ್ಥ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಈ ಅಳತೆ ಗೊತ್ತು ಮಾಡಿತು. ಲೆಕ್ಕದ ಪುಸ್ತಕದಲ್ಲಿ ಕಳೆಯುವ ಗುರುತು ಕಲಿತಿದ್ದೀವಲ್ಲ, ಅದೇ ಗುರುತು.

ಆ ಅಕ್ಕನಂಥವರಿಗೆ ಅನೇಕ ಸಲ ಇರುವುದು ಮೂಳೆ ಟೊಳ್ಳಾಗುವ ಕಾಯಿಲೆ ಅಲ್ಲ, ಮೂಳೆ ಮೆತ್ತಗಾಗುವ ಕಾಯಿಲೆ. ಡಿ ಜೀವಸತ್ವ ಸಾಲದೆ ಅದು ಬರುತ್ತೆ. ಡಿ ಜೀವಸತ್ವ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತೋದಿಲ್ಲ. ಇಂಥ ಹೆಂಗಸರು ಬಾತುಕೋಳಿಯ ಹಾಗೆ ಓಲಾಡುತ್ತಾ ನಡೆಯುತ್ತಾರೆ. ಸಂತೋಷದ ಸುದ್ದಿ ಏನೆಂದರೆ ಸರಿಯಾದ ಮದ್ದು ಸಿಕ್ಕರೆ ಕೆಲವು ತಿಂಗಳಲ್ಲೇ ಇದು ಗುಣವಾಗುತ್ತೆ. ಎರಡು ವರ್ಷ ಅತ್ತವಳು ಎದ್ದು ಓಡಾಡುತ್ತಾಳೆ.

ಬಿಸಿಲು, ಹಾಲು, ರಾಗಿ

ಡಿ ಜೀವಸತ್ವವೂ ಒಂದು ಬಗೆಯ ಹಾರ್ಮೋನೇ. ಬಿಸಿಲು ಬಿದ್ದಾಗ ಚರ್ಮ ಅದನ್ನು ಮಾಡುತ್ತೆ. ಕಾಶ್ಮೀರದಲ್ಲಿ ಕೆಲಸ ಮಾಡಿದ ಕ್ಯಾಥ್ಲೀನ್ ವಾನ್ ಎಂಬ ಡಾಕ್ಟರಮ್ಮ 1928ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. ಮನೆಯೊಳಗೆ ಪರದೆಯಲ್ಲಿ ಇರುವ ಹೆಂಗಸರ ಮೂಳೆ ಮೆತ್ತಗಾಗಿ, ಸೊಂಟ ಸೊಟ್ಟಗಾಗಿ ಹೆರಿಗೆ ಕಷ್ಟವಾಗುತ್ತಿತ್ತು. ಬಯಲಲ್ಲಿ ದುಡಿಯುವ ಹೆಂಗಸರಿಗೆ ಅಷ್ಟು ತೊಂದರೆ ಇರಲಿಲ್ಲ.

"ನಮಗೇನು, ದಿನವೆಲ್ಲ ಬಿಸಿಲಲ್ಲೇ ಇರ್ತೀವಿ" ಅನ್ನಬಹುದು. ಅವಸರ ಬೇಡ. ಮೈಸೂರಿನಲ್ಲಿ ನಾವು ಮಿಷನ್ ಆಸ್ಪತ್ರೆ ಅನ್ನುತ್ತೀವಲ್ಲ, ಆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರ ಬಗ್ಗೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅದರಲ್ಲಿ 559 ತಾಯಂದಿರ ರಕ್ತದಲ್ಲಿ ಡಿ ಜೀವಸತ್ವ ಎಷ್ಟಿದೆ ಅಂತ ನೋಡಿದರು. ನೂರಕ್ಕೆ 66 ಜನರಿಗೆ ಅದು ಕಡಿಮೆ ಇತ್ತು. ಬಿಸಿಲಿಗೆ ಬರವಿಲ್ಲದ ಮೈಸೂರಿನಲ್ಲಿ ಹೀಗೆ! ಬೆಳಗ್ಗೆ ಬೇಗ, ಸಂಜೆ ತಡವಾಗಿ ಬೀಳುವ ಬಿಸಿಲಲ್ಲಿ ಈ ಗುಣ ಕಡಿಮೆ. ಮೈ ಪೂರ್ತಿ ಮುಚ್ಚಿದ್ದರೂ ಚರ್ಮಕ್ಕೆ ಬಿಸಿಲು ತಾಗೋದಿಲ್ಲ. ಬಾಣಂತಿಯನ್ನು ಕತ್ತಲೆ ಕೋಣೆಯಲ್ಲಿ ಹೊದಿಸಿ ಮಲಗಿಸುವ ಪದ್ಧತಿ ಇನ್ನೂ ಇದೆ. ಎದೆಹಾಲಿನಲ್ಲಿ ಕ್ಯಾಲ್ಸಿಯಂ ಹೋಗುತ್ತಿರುವ ಕಾಲ ಅದು. ಹೊತ್ತೇರಿದ ಮೇಲೆ ಸ್ವಲ್ಪ ಹೊತ್ತು ಜಗುಲಿಯ ಬಿಸಿಲಲ್ಲಿ ಕೂತರೆ ಬಾಣಂತಿಗೆ ಯಾವ ಶೀತವೂ ಆಗೋದಿಲ್ಲ.

ಊಟದಲ್ಲಿ ನಮ್ಮ ಸೀಮೆ ಬಡವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಒಬ್ಬ ಹೆಂಗಸಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಹಾಲೂಡಿಸುವವಳಿಗೆ, ಮುಟ್ಟು ನಿಂತವಳಿಗೆ 1200 ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಲೆಕ್ಕ ಇದು. ಎರಡು ಹೊತ್ತು ಮುದ್ದೆ, ನುಗ್ಗೆಸೊಪ್ಪಿನ ಬಸ್ಸಾರು, ಒಂದು ಲೋಟ ಹಾಲು, ಒಂದು ಲೋಟ ಮಜ್ಜಿಗೆ ಇದ್ದರೆ ಲೆಕ್ಕ ಹತ್ತಿರ ಬರುತ್ತೆ. ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನ ಮಾಡುವ ಮನೆಗಳು ಹೆಚ್ಚಾಗಿವೆ. ಅದು ದೊಡ್ಡಸ್ತಿಕೆ ಅಂತ ನಮಗೆ ಅನಿಸೋದಿಲ್ಲ. ಡೈರಿಗೆ ಹೋಗುವ ಕ್ಯಾನಿನಿಂದ ಹಸ ಸಾಕಿದವಳಿಗೂ ಒಂದು ಲೋಟ ಉಳಿಯಲಿ.

ಇನ್ನು ಹೊಗೆಸೊಪ್ಪು. ಬೆಳೆದು ಮಾರುವುದು ನಮ್ಮ ಹೊಟ್ಟೆಪಾಡು, ಸರಿ. ಆದರೆ ಬೀಡಿ, ಸಿಗರೇಟು ಸೇದುವ ಹೆಂಗಸರಿಗೆ ಮುಟ್ಟು ಬೇಗ ನಿಲ್ಲುತ್ತೆ, ಮೂಳೆ ಬೇಗ ಸವೆಯುತ್ತೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿಗೆ ಬಾಯಿ ಕ್ಯಾನ್ಸರಿನ ಭಯವೂ ಇದೆ.

ಮೇಸ್ತ್ರಿಯ ಕೂಗು

ಈಗ ಥೈರಾಯ್ಡ್. ಇದು ಮಂದವಾದರೆ ಮೈ ಭಾರ, ಚಳಿ, ಮಲಬದ್ಧತೆ, ಕೂದಲು ಉದುರುವುದು, ಮುಟ್ಟು ಹೆಚ್ಚಾಗಿ ಹೋಗುವುದು, ಮೈಕೈ ನೋವು. "ಸೋಮಾರಿ" ಅನ್ನಿಸಿಕೊಂಡ ಎಷ್ಟೋ ಸೊಸೆಯರಿಗೆ ಇರುವುದು ಥೈರಾಯ್ಡ್ ಕೊರತೆ.

ಇದರ ಪರೀಕ್ಷೆಗೆ ಟಿ.ಎಸ್.ಎಚ್. ಅಂತ ಹೆಸರು. ಟಿ.ಎಸ್.ಎಚ್. ಅಂದರೆ ಮೇಸ್ತ್ರಿ ಪಿಟ್ಯುಟರಿ ಹಾಕುವ ಕೂಗು. ಆಳು ಚೆನ್ನಾಗಿ ಕೆಲಸ ಮಾಡಿದರೆ ಮೇಸ್ತ್ರಿ ಮೆಲ್ಲಗೆ ಮಾತಾಡುತ್ತಾನೆ. ಆಳು ಮಂದವಾದರೆ ಜೋರಾಗಿ ಕೂಗುತ್ತಾನೆ. ಅದಕ್ಕೇ ಥೈರಾಯ್ಡ್ ಕಡಿಮೆಯಾದಾಗ ಟಿ.ಎಸ್.ಎಚ್. ಅಂಕಿ ಹೆಚ್ಚುತ್ತೆ. ಸಾಮಾನ್ಯವಾಗಿ ಸುಮಾರು 0.4ರಿಂದ 4.5ರ ಒಳಗೆ ಇರಬೇಕು. ಬಸುರಿಯರಿಗೆ ಲೆಕ್ಕ ಬೇರೆ. ಮಾತ್ರೆ ದಿನಾ ನುಂಗಬೇಕು. ಬೆಳಗ್ಗೆ ಬರಿ ಹೊಟ್ಟೆಗೆ, ನೀರಿನ ಜೊತೆ. ಅರ್ಧ ಗಂಟೆ ಆದ ಮೇಲೆ ಕಾಫಿ, ಟೀ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ನಡುವೆ ನಾಲ್ಕು ಗಂಟೆ ಬಿಡಬೇಕು. ಬೇಗ ಗುಣವಾಗಲಿ ಅಂತ ಒಂದರ ಬದಲು ಎರಡು ನುಂಗಬಾರದು. ಥೈರಾಯ್ಡ್ ರಸ ಹೆಚ್ಚಾದರೆ ಮೂಳೆ ಸವೆಯುತ್ತೆ.

ಥೈರಾಯ್ಡ್ ರಸ ಮಾಡಲು ಅಯೋಡಿನ್ ಬೇಕು. ಅಯೋಡಿನ್ ಇಲ್ಲದ ಉಪ್ಪು ತಿಂದು ಮಲೆನಾಡಿನ ಚಿಕ್ಕಮಗಳೂರು, ಪಕ್ಕದ ಕೊಡಗಿನಲ್ಲಿ ಹಿಂದೆ ಗಳಗಂಡ ಹೆಚ್ಚಾಗಿತ್ತು. ಗಳಗಂಡ ಅಂದರೆ ಕೊರಳ ಮುಂದೆ ಬರುವ ಊತ. ಅಯೋಡಿನ್ ಉಪ್ಪಿನ ಪೊಟ್ಟಣದ ಮೇಲೆ ನಗುವ ಸೂರ್ಯನ ಚಿತ್ರ ಇರುತ್ತೆ. ನೋಡಿ ಕೊಳ್ಳಿ.

ಹೆರಿಗೆಯ ರಕ್ತ

ಈ ಮಾತನ್ನು ನಿಧಾನವಾಗಿ ಓದಿ. ಬೇರೆಯವರಿಗೂ ಓದಿ ಹೇಳಿ.

ಒಬ್ಬ ತಾಯಿಗೆ ಹೆರಿಗೆಯಲ್ಲಿ ರಕ್ತ ಬಹಳ ಹೋಗುತ್ತೆ. ಜೀವ ಉಳಿಯುತ್ತೆ. ಆದರೆ ಎದೆಹಾಲು ಬರೋದಿಲ್ಲ. ಮುಟ್ಟು ಮತ್ತೆ ಆಗೋದಿಲ್ಲ. ಕಂಕುಳ ಕೂದಲು ಉದುರುತ್ತೆ. ಸದಾ ಸುಸ್ತು, ಚಳಿ, ತಲೆಸುತ್ತು. ಮನೆಯವರು ದೃಷ್ಟಿ ಅಂತಾರೆ, ಗಾಳಿ ಅಂತಾರೆ. ಹೀಗೇ ಹತ್ತು ವರ್ಷ, ಹದಿನೈದು ವರ್ಷ ಕಳೆದವರು ಇದ್ದಾರೆ.

ಬಸಿರಿನಲ್ಲಿ ಮೇಸ್ತ್ರಿ ಗ್ರಂಥಿ ಪಿಟ್ಯುಟರಿ ದಪ್ಪವಾಗುತ್ತೆ. ಅದಕ್ಕೆ ರಕ್ತ ಹೆಚ್ಚು ಬೇಕು. ಹೆರಿಗೆಯಲ್ಲಿ ರಕ್ತ ಸುರಿದುಹೋದರೆ ಅದು ಒಣಗುತ್ತೆ. ಮೇಸ್ತ್ರಿ ಇಲ್ಲದೆ ಆಳುಗಳೆಲ್ಲ ನಿಂತುಬಿಡುತ್ತಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡಾಕ್ಟರು ಷೀಹನ್ 1937ರಲ್ಲಿ ಇದನ್ನು ಬರೆದರು. ಕಾಯಿಲೆಗೆ ಅವರದೇ ಹೆಸರು ಇದೆ. ಹೆರಿಗೆ ಸವಲತ್ತು ಚೆನ್ನಾಗಿರುವ ದೇಶಗಳಲ್ಲಿ ಇದು ಅಪರೂಪ. ನಮ್ಮ ದೇಶದಲ್ಲಿ ಹಾರ್ಮೋನು ಡಾಕ್ಟರು ಇದನ್ನು ಇನ್ನೂ ಕಾಣುತ್ತಾರೆ. ಈ ತಾಯಂದಿರ ಮೂಳೆಯೂ ಬೇಗ ಸವೆಯುತ್ತೆ.

ಮದ್ದು ದುಬಾರಿ ಅಲ್ಲ. ಮೈಯಲ್ಲಿ ಇಲ್ಲದ ಹಾರ್ಮೋನನ್ನು ಮಾತ್ರೆಯಲ್ಲಿ ಕೊಡುತ್ತಾರೆ. ಮೊದಲು ಸ್ವಲ್ಪ ಸ್ಟಿರಾಯ್ಡ್, ಆಮೇಲೆ ಥೈರಾಯ್ಡ್. ಈ ಕ್ರಮ ತಪ್ಪಬಾರದು. ಬದುಕಿರುವವರೆಗೆ ಬಿಡಬಾರದು. ಜ್ವರ, ವಾಂತಿ ಬಂದ ದಿನ ಸ್ಟಿರಾಯ್ಡ್ ಹೆಚ್ಚು ಬೇಕಾಗುತ್ತೆ. ಹೇಗೆ ಅಂತ ಡಾಕ್ಟರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಆಸ್ಪತ್ರೆ ಹೆರಿಗೆಯಲ್ಲಿ ಮಗು ಹುಟ್ಟಿದ ಕೂಡಲೇ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ರಕ್ತ ಹೆಚ್ಚು ಹೋಗದ ಹಾಗೆ ಅದು ತಡೆಯುತ್ತೆ. ಅಂದಹಾಗೆ ಅದೂ ಒಂದು ಹಾರ್ಮೋನು.

ಪುಡಿ ಪೊಟ್ಟಣ

ಸ್ಟಿರಾಯ್ಡ್ ಅಂದೆವು. ಇದಕ್ಕೆ ಎರಡು ಮುಖ. ಷೀಹನ್ ಕಾಯಿಲೆಯವರಿಗೆ ಅದು ಜೀವ. ಬೇಡದವರಿಗೆ ಅದೇ ಕೇಡು. ಮಂಡಿ ನೋವಿಗೆ, ಉಬ್ಬಸಕ್ಕೆ ಅಂತ ಸಂತೆಯಲ್ಲಿ, ಮನೆ ಬಾಗಿಲಲ್ಲಿ ಹೆಸರಿಲ್ಲದ ಪುಡಿ ಮಾರುತ್ತಾರೆ. ತಿಂದ ಎರಡೇ ದಿನಕ್ಕೆ ನೋವು ಮಾಯ! "ಎಂಥಾ ಕೈಗುಣ" ಅಂತೀವಿ. ಇಂಥ ಎಷ್ಟೋ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುತ್ತೆ. ತಿಂಗಳುಗಟ್ಟಲೆ ತಿಂದರೆ ಮುಖ ಹುಣ್ಣಿಮೆ ಚಂದ್ರನ ಹಾಗೆ ಊದುತ್ತೆ. ಹೊಟ್ಟೆ ಬೆಳೆದು ಕೈಕಾಲು ಸಣಕಲಾಗುತ್ತೆ. ಸಕ್ಕರೆ ಏರುತ್ತೆ. ಮೂಳೆ ಟೊಳ್ಳಾಗುತ್ತೆ.

ಇಂಥ ಪುಡಿ ಬಹಳ ದಿನ ತಿಂದವರು ದಿಢೀರನೆ ನಿಲ್ಲಿಸಲೂಬಾರದು. ಮೈ ತನ್ನ ಸ್ಟಿರಾಯ್ಡ್ ಮಾಡುವುದನ್ನು ಮರೆತಿರುತ್ತೆ. ತಲೆ ತಿರುಗಿ ಬಿದ್ದು ಪ್ರಾಣಕ್ಕೇ ಬರಬಹುದು. ಪುಡಿಯ ಪೊಟ್ಟಣ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಬೇಕು. ಬೈಯುತ್ತಾರೆ ಅಂತ ಮುಚ್ಚಿಡಬಾರದು.

ಎಲ್ಲ ಮೂಳೆ ರೋಗವೂ ಹಾರ್ಮೋನಿನದಲ್ಲ. ಪಾವಗಡದ ಕಡೆ ನೀರಿನ ಫ್ಲೋರೈಡಿನಿಂದ ಮೂಳೆ ಬಿರುಸಾಗುತ್ತೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕೀಲುಮೂಳೆಯ ಕಾಯಿಲೆ ವಂಶದಲ್ಲಿ ಬರುವಂಥದ್ದು. ಇದು ನನ್ನ ಮದ್ದಿನ ರೋಗವಲ್ಲ ಅಂತ ಹೇಳಿ ಸರಿಯಾದ ಕಡೆಗೆ ಕಳಿಸುವುದೂ ಹಾರ್ಮೋನು ಡಾಕ್ಟರ ಕೆಲಸವೇ.

ಎಲ್ಲಿಗೆ ಹೋಗಬೇಕು

ಹಾರ್ಮೋನು ಡಾಕ್ಟರು ಆಗಲು ಹನ್ನೊಂದು ಹನ್ನೆರಡು ವರ್ಷ ಓದಬೇಕು. ಆದ್ದರಿಂದ ಅವರು ಕಡಿಮೆ. ಇರುವವರೂ ಮೈಸೂರು, ಬೆಂಗಳೂರಿನಂಥ ಪಟ್ಟಣಗಳಲ್ಲಿ. ನಾವು ನೇರ ಅಲ್ಲಿಗೆ ಓಡಬೇಕಾಗಿಲ್ಲ. ಮೊದಲು ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಥೈರಾಯ್ಡ್, ಡಿ ಜೀವಸತ್ವದ ಕೊರತೆಯನ್ನು ಅಲ್ಲಿನ ಡಾಕ್ಟರೇ ನೋಡಬಲ್ಲರು. ತೊಡಕು ಇದ್ದರೆ ಚೀಟಿ ಬರೆದು ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕಳಿಸುತ್ತಾರೆ. ಅದೇ ನಮ್ಮ ದೊಡ್ಡಾಸ್ಪತ್ರೆ. ಬಸ್ಸು ಹತ್ತುವಾಗ ಹಳೆ ಚೀಟಿ, ರಕ್ತ ಪರೀಕ್ಷೆಯ ಕಾಗದ, ತಿನ್ನುತ್ತಿರುವ ಮಾತ್ರೆಯ ಹಾಳೆ, ರೇಷನ್ ಕಾರ್ಡು ಎಲ್ಲ ಒಂದೇ ಚೀಲದಲ್ಲಿ ಇರಲಿ.

ಮದ್ದು ಕೊಟ್ಟಾಗ "ಇದು ದಿನಕ್ಕೋ, ವಾರಕ್ಕೋ?" ಅಂತ ಕೇಳಿ. 60,000 ಅಂತ ಬರೆದಿರುವ ಡಿ ಜೀವಸತ್ವದ ಪುಡಿ ಅಥವಾ ಗುಳಿಗೆಯನ್ನು ಸಾಮಾನ್ಯವಾಗಿ ವಾರಕ್ಕೆ ಒಂದೇ ಕೊಡುತ್ತಾರೆ, ಅದೂ ಕೆಲವು ವಾರ ಮಾತ್ರ. ದಿನಾ ತಿಂದರೆ ವಾಂತಿ, ಬಾಯಾರಿಕೆ ಶುರುವಾಗಿ ಮೂತ್ರಪಿಂಡ ಕೆಡುತ್ತೆ. ಮೂಳೆ ಗಟ್ಟಿಯಾಗಲು ಕೊಡುವ 70 ಮಿಲಿಗ್ರಾಂನ ಒಂದು ಮಾತ್ರೆಯೂ ವಾರಕ್ಕೊಂದೇ. ಅದನ್ನು ಬರಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು ಇಲ್ಲವೆ ನಿಲ್ಲಬೇಕು. ಮಲಗಿದರೆ ಅನ್ನನಾಳ ಸುಡುತ್ತೆ. ಹೊಗೆಸೊಪ್ಪಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಈ ಲೆಕ್ಕವನ್ನೂ ಬರೆಯಬಹುದು. ಸೋಮವಾರದ ಮನೆಯಲ್ಲಿ ಒಂದು ಗುರುತು. ಮಾತ್ರೆ ನುಂಗಿದ ಮೇಲೆ ಅದರ ಮೇಲೆ ಒಂದು ಗೆರೆ.